ಏರಿಯ ಕೆಳಗಿನ ಎರಡು ಗುಂಟೆ

ಮನೆಯಿಂದ ತೋಟಕ್ಕೆ ನಾಲ್ಕು ಕಿಲೋಮೀಟರ್. ತಂಗಿ ನನಗೆಂದು ಹೊರಗೆ ತಂದು ನಿಲ್ಲಿಸಿದ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ.

ಹ್ಯಾಂಡಲ್ಲಿನ ಮೇಲೆ ಇರಲಿಲ್ಲ ಎನ್ನಬೇಕು. ಅಭ್ಯಾಸಬಲದಿಂದ ಎರಡೂ ಕೈಯ ಬೆರಳು ಬ್ರೇಕಿನ ಕಡ್ಡಿ ಹುಡುಕಿ ಸುಮ್ಮನಾದವು. "ಪೆಡಲ್ ಹಿಂದಕ್ಕೆ ತುಳಿಯೋದೇ ಬ್ರೇಕು ಅಣ್ಣ, ಮರೀಬೇಡ" ಎಂದಳು. ಕಪ್ಪು ಬಣ್ಣ, ಎತ್ತರದ ಸೀಟು, ನೆಟ್ಟಗೆ ಕೂತು ತುಳಿಯುವ ಭಾರೀ ಸೈಕಲ್. ನೆದರ್‌ಲ್ಯಾಂಡ್ಸಿನವರು ಇದನ್ನು 'ಅಜ್ಜಿ ಸೈಕಲ್' ಎನ್ನುತ್ತಾರೆ. ಹಿಂದಿನ ಚಕ್ರಕ್ಕೆ ಬಳೆಯಂಥ ಬೀಗ, ನಮ್ಮ ಅಪ್ಪನ ಸೈಕಲ್ಲಿಗೆ ಇದ್ದಂಥದ್ದೇ. ಅದು ಸಾಲದೆಂದು ಬೆರಳು ದಪ್ಪದ ಸರಪಳಿ ಬೇರೆ. ಸೈಕಲ್ ಕದಿಯುವುದು ಅಲ್ಲಿ ಮಾಮೂಲು. ತಂಗಿಯದು ಇದು ಮೂರನೆಯದಂತೆ.

ನಮ್ಮ ಕಡೆ ಇಳಿಜಾರಿನಲ್ಲಿ ಪೆಡಲನ್ನು ಸುಮ್ಮನೆ ಹಿಂದಕ್ಕೆ ತಿರುಗಿಸುತ್ತ ಚರ್ರೆಂಬ ಸದ್ದು ಕೇಳುತ್ತ ಹೋಗುವುದೊಂದು ಸುಖ. ಆ ಹಳೆಯ ಚಟ ಮೊದಲ ತಿರುವಿನಲ್ಲೇ ತಲೆ ಎತ್ತಿತು. ಚಕ್ರ ಗಕ್ಕನೆ ಕಚ್ಚಿಕೊಂಡಿತು, ನಾನು ಬೇಲಿಗೆ ಒರಗಿದೆ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು, ಎಂಬತ್ತಕ್ಕೆ ಕಡಿಮೆಯಿಲ್ಲ, ಗಂಟೆ ಬಾರಿಸಿ ಏನೋ ಹೇಳಿ ಮುಂದೆ ಹೋದರು. ಬೈದರೋ, ಸಮಾಧಾನ ಹೇಳಿದರೋ ತಿಳಿಯಲಿಲ್ಲ. ತಂಗಿಯನ್ನು ಕೇಳಿದರೆ ನಕ್ಕಳು, ಅರ್ಥ ಹೇಳಲಿಲ್ಲ.

ಊರು ನೆದರ್‌ಲ್ಯಾಂಡ್ಸಿನದು, ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ. ಆಗಸ್ಟ್ ತಿಂಗಳ ಒಂದು ಶನಿವಾರ. ಬೆಂಗಳೂರಿನ ಕೆಲಸ ಬಿಟ್ಟು ತಂಗಿ ಅಲ್ಲಿಗೆ ಹೋಗಿ ಹತ್ತು ವರ್ಷವಾಯಿತು. ಕಾರಿಲ್ಲ. ಸೈಕಲ್ಲಿನಲ್ಲಿ ಆಫೀಸು, ಬಾಡಿಗೆಯ ತುಂಡು ಭೂಮಿಯಲ್ಲಿ ತರಕಾರಿ. ಅವಳ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅಮ್ಮನ ಪ್ರಕಾರ, "ಪಾಪ, ಅಷ್ಟು ದೂರ ಹೋಗಿಯೂ ಒಂದು ಕಾರು ತಗೊಳ್ಳೋಕಾಗಿಲ್ಲ." ಚಿಕ್ಕಪ್ಪನ ಪ್ರಕಾರ ಅವಳು ಸರಳ ಜೀವನದ ದೊಡ್ಡ ಉದಾಹರಣೆ, ಮದುವೆಮನೆಗಳಲ್ಲಿ ಅವರು ಈ ಮಾತು ಆಡದೆ ಎಲೆಯಿಂದ ಏಳುವುದಿಲ್ಲ. ಎರಡರಲ್ಲಿ ಯಾವುದು ನಿಜವೆಂದು ನೋಡುವ ಆಸೆ ನನಗಿತ್ತು.

ದಾರಿಯ ಮಾತು ಮೊದಲು ಹೇಳಬೇಕು. ಸೈಕಲ್ಲಿಗೆ ಬೇರೆಯೇ ರಸ್ತೆ. ಡಾಂಬರಿನಲ್ಲೇ ಕೆಂಪು ಬಣ್ಣ ಬೆರೆಸಿ ಹಾಸಿದ್ದಾರೆ, ಹಾಗಾಗಿ ಕಾರಿನವನಿಗೂ ಗೊಂದಲವಿಲ್ಲ, ನನ್ನಂಥ ಹೊಸಬನಿಗೂ ಇಲ್ಲ. ಕೂಡುರಸ್ತೆಗಳಲ್ಲಿ ಸೈಕಲ್ಲಿಗೇ ಪುಟ್ಟ ಸಿಗ್ನಲ್, ಕೂತವರ ಕಣ್ಣಿನ ಎತ್ತರಕ್ಕೆ. ಕೆಲವು ಕಡೆ ನೆಲದ ಮೇಲೆ ಬಿಳಿಯ ತ್ರಿಕೋನಗಳ ಸಾಲು. ಅದಕ್ಕೆ ಅಲ್ಲಿಯ ಭಾಷೆಯಲ್ಲಿ 'ಶಾರ್ಕಿನ ಹಲ್ಲು' ಎಂದು ಹೆಸರು. ಹಲ್ಲಿನ ಮೊನೆ ನಮ್ಮ ಕಡೆ ತಿರುಗಿದ್ದರೆ ನಾವು ನಿಂತು ಬೇರೆಯವರಿಗೆ ದಾರಿ ಬಿಡಬೇಕು. ಈ ಒಂದು ಪಾಠ ಕಲಿತ ಮೇಲೆ ಅರ್ಧ ಧೈರ್ಯ ಬಂತು. ಉಳಿದರ್ಧ, ಮುಂದೆ ಮರದ ತೊಟ್ಟಿಯಿದ್ದ ಸೈಕಲ್ಲಿನಲ್ಲಿ ಎರಡು ಮಕ್ಕಳು ಮತ್ತು ಒಂದು ನಾಯಿಯನ್ನು ಕೂರಿಸಿಕೊಂಡು ನನ್ನನ್ನು ಹಿಂದೆ ಹಾಕಿಹೋದ ತಾಯಿಯನ್ನು ನೋಡಿ ಬಂತು. ನೋಡಿದ ಹತ್ತರಲ್ಲಿ ಒಂಬತ್ತು ತಲೆಗೆ ಹೆಲ್ಮೆಟ್ ಇರಲಿಲ್ಲ.

ಇದೆಲ್ಲ ಮೊದಲಿಂದ ಹೀಗೇ ಇತ್ತೆಂದು ನಾನು ಅಂದುಕೊಂಡಿದ್ದೆ. ಇರಲಿಲ್ಲ. ಮಹಾಯುದ್ಧ ಮುಗಿದು ಕೈಯಲ್ಲಿ ಕಾಸಾಡತೊಡಗಿದ ಮೇಲೆ ಅಲ್ಲಿಯೂ ಎಲ್ಲರೂ ಕಾರು ಕೊಂಡರು; ಊರುಗಳು ಕಾರಿಗೆ ಜಾಗ ಬಿಡಲು ಹಳೆಯ ಬೀದಿಗಳನ್ನು ಒಡೆದವು. 1971ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 3,000ಕ್ಕೂ ಹೆಚ್ಚು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಗಳು ಬೀದಿಗಿಳಿದರು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬುದೇ ಆ ಚಳವಳಿಯ ಹೆಸರು. ಅದರ ಬೆನ್ನಿಗೇ 1973ರ ತೈಲ ಬಿಕ್ಕಟ್ಟು. ಆ ವರ್ಷದ ನವೆಂಬರ್ 4ರಿಂದ ಕೆಲವು ಭಾನುವಾರ ಕಾರು ತೆಗೆಯುವುದನ್ನೇ ಸರ್ಕಾರ ನಿಷೇಧಿಸಿತು. ಖಾಲಿ ಹೆದ್ದಾರಿಯಲ್ಲಿ ಜನ ಸೈಕಲ್ ಹೊಡೆದರು, ಮಕ್ಕಳು ಸ್ಕೇಟಿಂಗ್ ಮಾಡಿದರು. ಈ ಕೆಂಪು ದಾರಿ ಆ ಎರಡು ಏಟಿನ ನಂತರ ಹುಟ್ಟಿದ್ದು. ಈಗ ಅಲ್ಲಿ ಸುಮಾರು 1.8 ಕೋಟಿ ಜನ, 2.3 ಕೋಟಿ ಸೈಕಲ್.

ಅಂದರೆ ಸೈಕಲ್ ಅಲ್ಲಿಯವರ ರಕ್ತದಲ್ಲಿದೆ ಎನ್ನುವುದು ಪ್ರವಾಸಿಗರ ಮಾತು. ಅದು ಡಾಂಬರಿನಲ್ಲಿದೆ.

ಮೂರು ಕಿಲೋಮೀಟರ್ ಆದ ಮೇಲೆ ಒಂದು ಸಣ್ಣ ಏರು. ಇಡೀ ದಾರಿಯಲ್ಲಿ ಸಿಕ್ಕ ಒಂದೇ ಏರು ಅದು. ಅಷ್ಟಕ್ಕೇ ನಾನು ಇಳಿದು ತಳ್ಳಿದೆ. ಎದುರುಗಾಳಿ ಇತ್ತು ಎನ್ನುವುದನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಕು. ಬೆಟ್ಟವಿಲ್ಲದ ಆ ದೇಶದಲ್ಲಿ ಬೆಟ್ಟದ ಕೆಲಸವನ್ನು ಗಾಳಿಯೇ ಮಾಡುತ್ತದೆ. ಮೇಲೆ ಹತ್ತಿ ನಿಂತಾಗ ನೋಡಿದ್ದು ವಿಚಿತ್ರವಾಗಿತ್ತು. ಎಡಕ್ಕೆ ಕಾಲುವೆ, ದಂಡೆಯ ಸಮಕ್ಕೆ ತುಂಬಿದ ನೀರು, ಅದರ ಮೇಲೆ ಒಂದು ದೋಣಿ. ಬಲಕ್ಕೆ, ಆ ನೀರಿಗಿಂತ ಆಳುದ್ದ ಕೆಳಗೆ, ತೋಟ. ದೋಣಿ ನಮ್ಮ ತರಕಾರಿ ಮಡಿಗಳಿಗಿಂತ ಎತ್ತರದಲ್ಲಿ ತೇಲುತ್ತಿತ್ತು.

"ಇದು ಕೆರೆ ಏರಿ ಅಲ್ಲವೇನೇ?" ಎಂದೆ.

"ಏರಿನೇ. ಆದ್ರೆ ಕೆರೆ ಕೆಳಗಿಲ್ಲ, ನಾವು ಕೆಳಗಿದೀವಿ" ಎಂದಳು.

ಆ ದೇಶದ ಕಾಲು ಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಮಳೆನೀರು ತಾನಾಗಿ ಹರಿದುಹೋಗುವಂತಿಲ್ಲ. ತೋಟದ ಸಣ್ಣ ಹಳ್ಳದಿಂದ ದೊಡ್ಡ ಹಳ್ಳಕ್ಕೆ, ಅಲ್ಲಿಂದ ಪಂಪಿನಲ್ಲಿ ಮೇಲೆತ್ತಿ ಕಾಲುವೆಗೆ, ಕಾಲುವೆಯಿಂದ ನದಿಗೆ ಅಥವಾ ಕಡಲಿಗೆ. ಹಿಂದೆ ಈ ಕೆಲಸ ಗಾಳಿಯಂತ್ರದ್ದು. ಚಿತ್ರಗಳಲ್ಲಿ ಚಂದ ಕಾಣುವ ಆ ಗಾಳಿಯಂತ್ರಗಳಲ್ಲಿ ಎಷ್ಟೋ ನೀರೆತ್ತುವ ಪಂಪುಗಳೇ. ಈ ನೀರಿನ ಲೆಕ್ಕ ನೋಡಿಕೊಳ್ಳಲು ಹದಿಮೂರನೆಯ ಶತಮಾನದಿಂದ ಬೇರೆಯೇ ಮಂಡಳಿಗಳಿವೆ. ಅವಕ್ಕೆ ಬೇರೆ ಚುನಾವಣೆ, ಬೇರೆ ತೆರಿಗೆ. ನಮ್ಮ ಕೆರೆಗಳಿಗೆ ಒಬ್ಬ ನೀರಗಂಟಿ ಇರುತ್ತಿದ್ದ; ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಕೆಲಸ. ನಮ್ಮಲ್ಲಿ ನೀರಗಂಟಿ ಹೋದ, ಎಷ್ಟೋ ಕಡೆ ಕೆರೆಯೂ ಹೋಯಿತು. ಅಲ್ಲಿ ನೀರಗಂಟಿಗೆ ಇವತ್ತಿಗೂ ವೋಟು ಹಾಕುತ್ತಾರೆ. ಹಾಕದೆ ಗತಿಯಿಲ್ಲ, ನಿಮ್ಮ ಪಕ್ಕದವನ ಹೊಲ ಮುಳುಗುವಾಗ ನಿಮ್ಮದೊಂದೇ ಒಣಗಿರಲು ಸಾಧ್ಯವಿಲ್ಲವಲ್ಲ.

ಏರಿ ಇಳಿದರೆ ಕಬ್ಬಿಣದ ಗೇಟು. ಗೇಟಿನಾಚೆ ಹಳ್ಳ, ಹಳ್ಳದ ಮೇಲೆ ಎರಡು ಮಾರು ಉದ್ದದ ಮರದ ಸೇತುವೆ. ನೀರು ಕಾಣದಷ್ಟು ಹಸಿರು ಪಾಚಿ, ಅದರ ಅಂಚಿನಲ್ಲಿ ಒಂಟಿಕಾಲಿನ ಬೂದು ಬಕ. ಇಲ್ಲಿಂದ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು ಎಂದು ಬೋರ್ಡು. ಬೋರ್ಡು ಅದೊಂದೇ ಅಲ್ಲ; ಗಾಜಿನ ಹಿಂದೆ ಮೂರು ಹಾಳೆ ತುಂಬ ನಿಯಮ. ತಂಗಿ ಓದಿ ಹೇಳಿದಳು. ಬೇಲಿ ಇಷ್ಟೇ ಎತ್ತರ. ಗುಡಿಸಲು ಇಷ್ಟೇ ಅಗಲ. ಬೆಂಕಿ ಹಾಕುವಂತಿಲ್ಲ. ರಾತ್ರಿ ಉಳಿಯುವಂತಿಲ್ಲ. ಭಾನುವಾರ ಯಂತ್ರದ ಸದ್ದು ಕೂಡದು. ಆಲೂಗಡ್ಡೆಯನ್ನು ಒಂದೇ ಮಡಿಯಲ್ಲಿ ಮೂರು ವರ್ಷಕ್ಕೊಮ್ಮೆ ಮಾತ್ರ ಹಾಕಬೇಕು, ಇಲ್ಲವಾದರೆ ಬೇರಿಗೆ ಹತ್ತುವ ಸೂಕ್ಷ್ಮ ಜಂತುಹುಳ ಇಡೀ ತೋಟಕ್ಕೆ ಹಬ್ಬುತ್ತದೆ. ತಿಂಗಳಿಗೊಂದು ಶನಿವಾರ ಬೆಳಗ್ಗೆ ಎಲ್ಲರೂ ಸೇರಿ ತೋಟದ ಸಾಮೂಹಿಕ ಕೆಲಸ ಮಾಡಬೇಕು. ಬಾರದವರು ದಂಡ ಕಟ್ಟಬೇಕು. ಬೇಸಾಯ ಮಾಡದೆ ಪಾಳು ಬಿಟ್ಟರೆ ಮೊದಲು ಪತ್ರ, ಆಮೇಲೆ ಜಾಗ ವಾಪಸ್.

"ಸರಳ ಜೀವನಕ್ಕೆ ಇಷ್ಟೊಂದು ಕಾನೂನೇ?" ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ, ಇವತ್ತೇ ಆ ಶನಿವಾರ ಎಂದಳು. ನನಗೆ ಮೊದಲೇ ಹೇಳಿರಲಿಲ್ಲ.

ನೆಲ ಊರಿನ ನಗರಸಭೆಯದು. ಅದನ್ನು ಬೇಸಾಯಗಾರರ ಸಂಘ ಗುತ್ತಿಗೆಗೆ ಪಡೆದು ತುಂಡು ತುಂಡಾಗಿ ಸದಸ್ಯರಿಗೆ ಕೊಟ್ಟಿದೆ. ಯಾರೂ ಒಡೆಯರಲ್ಲ. ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆಯುವಂತಿಲ್ಲ. ತಂಗಿ ಎರಡು ವರ್ಷ ಸರದಿಯಲ್ಲಿ ಕಾದು ಪಡೆದ ಜಾಗ ಇನ್ನೂರು ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡು ಗುಂಟೆ. ವರ್ಷದ ಬಾಡಿಗೆ ಎಷ್ಟೆಂದು ಕೇಳಿದೆ. ಅಲ್ಲಿ ನಾಲ್ಕು ಜನ ಹೋಟೆಲಿಗೆ ಹೋಗಿ ರಾತ್ರಿ ಊಟ ಮಾಡಿದರೆ ಆಗುವ ಬಿಲ್ಲಿನಷ್ಟು.

ನಡುವಿನ ದಾರಿಯಲ್ಲಿ ಸೈಕಲ್ ತಳ್ಳುತ್ತ ಹೊರಟೆವು. ಎರಡೂ ಕಡೆ ಪುಟ್ಟ ಗೇಟುಗಳು, ಎಷ್ಟೋ ಗೇಟುಗಳಿಗೆ ಹೆಸರಿನ ಹಲಗೆ. ಒಂದರ ಅರ್ಥ 'ನಮ್ಮ ಬಟ್ಟೆತುಂಡು'. ಇನ್ನೊಂದರ ಮೇಲೆ 'ನೋಯ್ಟ್ ಗೆದಾಖ್ಟ್' ಎಂದಿತ್ತು, ಆ ಖ ಅನ್ನು ಗಂಟಲು ಕೆರೆದು ಹೇಳಬೇಕು. 'ಅಂದುಕೊಂಡೇ ಇರಲಿಲ್ಲ' ಎಂದು ಅರ್ಥವಂತೆ. ನಮ್ಮ ಬಡಾವಣೆಗಳ 'ಮಾತೃಕೃಪಾ', 'ಶ್ರೀನಿಲಯ'ಗಳ ಸಾಲಿನಲ್ಲಿ ಇಂಥದ್ದೊಂದು ಹೆಸರನ್ನು ನಾನಿನ್ನೂ ಕಂಡಿಲ್ಲ.

ಮೊದಲ ತೋಟ ಒಬ್ಬ ಮುದುಕರದು. ದಾರ ಹಿಡಿದು ಗೆರೆ ಹಾಕಿದಂಥ ಸಾಲುಗಳು. ಒಂದು ಸಾಲು ಲೀಕ್, ಅದು ಈರುಳ್ಳಿಯ ಜಾತಿ, ಬೆಳ್ಳಗೆ ದಪ್ಪ ಕಾಂಡ. ಒಂದು ಸಾಲು ಚಳಿಗಾಲಕ್ಕೆಂದು ಬೆಳೆಸಿದ ಗುಂಗುರೆಲೆಯ ಕೋಸು. ಹಿಮ ಬಿದ್ದ ಮೇಲೆ ಅದರ ರುಚಿ ಹೆಚ್ಚುತ್ತದೆ. ಕೊನೆಯ ಸಾಲು ಡೇಲಿಯಾ, ಊಟದ ತಟ್ಟೆಯಷ್ಟು ಅಗಲ. ಗುಡಿಸಲಿನ ನೆರಳಿನಲ್ಲಿ ಮರದ ಟ್ರೇಗಳಲ್ಲಿ ಸಾಂಬಾರ್ ಈರುಳ್ಳಿಯಂಥದ್ದನ್ನು ಒಣಗಲು ಹರಡಿದ್ದರು. ಚೆನ್ನಾಗಿ ಬಂದಿದೆ ಎಂದು ಹೊಗಳಿದೆ. ತಂಗಿ ಅನುವಾದ ಮಾಡುವಷ್ಟರಲ್ಲಿ ಅವರು ನಗತೊಡಗಿದ್ದರು. ಅವು ಟ್ಯುಲಿಪ್ ಗೆಡ್ಡೆಗಳು.

ನಗು ನಿಂತ ಮೇಲೆ ಅವರು ಒಂದು ಗೆಡ್ಡೆ ತೆಗೆದು ಚಾಕುವಿನಿಂದ ಎರಡು ಹೋಳು ಮಾಡಿ ತೋರಿಸಿದರು. ಬಿಳಿ ಹೋಳಿನ ನಡುವೆ ಹಳದಿ ಮೊಳಕೆ. ಆ ಹಳದಿಯನ್ನು ತೆಗೆಯಬೇಕು, ಅದು ವಿಷ, ಉಳಿದದ್ದನ್ನು ಬೇಯಿಸಿ ತಿನ್ನಬಹುದು ಎಂದರು. ಅವರ ತಾಯಿ ತಿಂದಿದ್ದರಂತೆ. 1944-45ರ ಚಳಿಗಾಲದಲ್ಲಿ, ಜರ್ಮನ್ ಸೈನ್ಯ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆದಾಗ, ಜನ ಸಕ್ಕರೆ ಬೀಟ್ ಮತ್ತು ಈ ಗೆಡ್ಡೆಗಳ ಮೇಲೆ ಬದುಕಿದರು. ಸತ್ತವರು 20,000ದಷ್ಟು. ಅಂಗಡಿಯಲ್ಲಿ ಎಲ್ಲವೂ ಸಿಗುವ ಊರಿನಲ್ಲಿ ಈ ಮುದುಕರು ಇಷ್ಟು ನಿಷ್ಠೆಯಿಂದ ಆಲೂಗಡ್ಡೆ ಅಗೆಯುವುದೇಕೆ ಎಂಬುದಕ್ಕೆ ಇದೇ ಕಾರಣ ಎಂದು ನಾನು ತೀರ್ಮಾನಿಸುವುದರಲ್ಲಿದ್ದೆ. ಅವರನ್ನೇ ಕೇಳಿದಾಗ, ಮನೆಯಲ್ಲಿ ಹೆಂಡತಿಗೆ ತನ್ನ ಸಿಗಾರಿನ ವಾಸನೆ ಆಗುವುದಿಲ್ಲ ಎಂದರು.

ಅಲ್ಲಿಂದ ಮುಂದೆ ಎರಡು ಮೂರು ತೋಟ ಬೇಗ ದಾಟಿದೆವು. ಒಂದು ಪೂರ್ತಿ ಕಾಡು. ಮೊಣಕಾಲುದ್ದ ತುರುಚೆ ಗಿಡ, ನಡುವೆ ಕುಂಬಳದ ಬಳ್ಳಿ. ಅದು ಸೋಮಾರಿತನವೋ ಸಹಜ ಕೃಷಿಯೋ ನನಗೆ ಗೊತ್ತಾಗಲಿಲ್ಲ. ತಂಗಿಗೂ ಖಚಿತವಿಲ್ಲ, ಸಂಘದಲ್ಲಿ ಅದೇ ಜಗಳ ನಡೆಯುತ್ತಿದೆಯಂತೆ. ಮುಂದಿನದು ಟರ್ಕಿಯಿಂದ ಬಂದ ಕುಟುಂಬದ್ದು, ದ್ರಾಕ್ಷಿಯ ಚಪ್ಪರದ ಕೆಳಗೆ ಒಂದರ ಮೇಲೊಂದು ಕೂರಿಸಿದ ಎರಡು ಟೀ ಪಾತ್ರೆ, ಕುದಿಯುವ ಸದ್ದು. ಕರೆದರು. ಬರುವಾಗ ಬರುತ್ತೇವೆಂದೆವು, ಹೋಗಲಿಲ್ಲ.

ಏಳನೆಯದೋ ಎಂಟನೆಯದೋ ತೋಟದ ಗಾಜಿನಮನೆಯಲ್ಲಿ ಹಾಗಲಕಾಯಿ ತೂಗುತ್ತಿತ್ತು.

ನಿಂತೆ. ಗಾಜಿನ ಒಳಮೈಗೆ ಬೆವರು ಹನಿ, ಅದರ ಹಿಂದೆ ಮುಳ್ಳುಮುಳ್ಳಾದ ಹಸಿರು ಕಾಯಿಗಳು, ಒಂದು ಮಾಗಿ ಹಳದಿಯಾಗಿ ಬಾಯಿ ಬಿಟ್ಟು ಕೆಂಪು ಬೀಜ ತೋರಿಸುತ್ತಿತ್ತು. ಒಳಗಿದ್ದ ಹೆಂಗಸು ಹೊರಗೆ ಬಂದರು. ಅರವತ್ತು ದಾಟಿದವರು, ಕಾಲಿಗೆ ರಬ್ಬರ್ ಬೂಟು, ನೆರೆತ ಜಡೆ. ಮುಖ ನೋಡಿದರೆ ನಮ್ಮ ಸಂತೆಯಲ್ಲಿ ಎದುರಾಗುವ ಮುಖ. ನನ್ನ ದೂರದರ್ಶನದ ಹಿಂದಿಯಲ್ಲಿ ಕೇಳಿದೆ. ಅವರು ಉತ್ತರಿಸಿದ ಹಿಂದಿ ನಾನು ಎಂದೂ ಕೇಳದ್ದು, ಬಿಹಾರದ ಹಳ್ಳಿಯ ಮಾತನ್ನು ಎಲ್ಲೋ ಸಮುದ್ರದಲ್ಲಿ ತೊಳೆದು ತಂದಂತಿತ್ತು. ಹಾಗಲಕ್ಕೆ 'ಕರೈಲಾ' ಎಂದರು. ಇಲ್ಲಿಯ ಮಾರ್ಕೆಟ್ಟಿನಲ್ಲಿ ಕೇಳುವುದಾದರೆ 'ಸೊಪ್ರೊಪೊ' ಎನ್ನಬೇಕೆಂದೂ ಹೇಳಿಕೊಟ್ಟರು.

ಅವರು ಭಾರತವನ್ನು ನೋಡಿಲ್ಲ. ಹುಟ್ಟಿದ್ದು ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ. ಹಿಂದೆ ಡಚ್ಚರ ವಸಾಹತಾಗಿದ್ದ ಅದು ಆಗಲೂ ಡಚ್ ರಾಜ್ಯದ ಭಾಗ. 1863ರಲ್ಲಿ ಗುಲಾಮಗಿರಿ ರದ್ದಾಗಿ, ಬಿಡುಗಡೆಯಾದವರು ಮತ್ತೂ ಹತ್ತು ವರ್ಷ ದುಡಿದು ತೋಟ ಬಿಟ್ಟು ಹೊರಟಾಗ, ಕಬ್ಬಿನ ತೋಟಗಳಿಗೆ ಆಳು ಬೇಕಾದರು. 1873ರ ಜೂನ್ 5ರಂದು 'ಲಲ್ಲಾ ರೂಖ್' ಎಂಬ ಹಡಗು ಕಲ್ಕತ್ತಾದಿಂದ ಮೊದಲ ತಂಡವನ್ನು ತಂದಿಳಿಸಿತು. 1916ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಸುಮಾರು 34,000, ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅವರಲ್ಲಿ ಮೂರರಲ್ಲಿ ಒಂದು ಪಾಲು ವಾಪಸಾದರು, ಉಳಿದವರು ಅಲ್ಲೇ ನಿಂತರು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ, ಮುಂದೇನಾಗುವುದೋ ಎಂಬ ಭಯದಲ್ಲಿ ಸಾವಿರಾರು ಕುಟುಂಬ ನೆದರ್‌ಲ್ಯಾಂಡ್ಸಿಗೆ ಬಂದವು. ಆ ವರ್ಷ ಇವರು ಸ್ಕೂಲಿಗೆ ಹೋಗುವ ಹುಡುಗಿ. "ನಮ್ಮ ಆಜೀಯ ಅಮ್ಮ ಹಡಗಿನಲ್ಲಿ ಬಂದವಳು" ಎಂದರು. ಅಪ್ಪನ ತಾಯಿಗೆ ಅವರ ಮಾತಿನಲ್ಲಿ ಆಜೀ. ನನಗೆ ಅಜ್ಜಿ ಎಂದೇ ಕೇಳಿಸಿತು.

ನಾನು ತಂಗಿಯನ್ನು ನೋಡಿದೆ. ವಿದೇಶಕ್ಕೆ ಹೋಗುವುದೆಂದರೆ ವೀಸಾ, ಆಫರ್ ಲೆಟರ್, ವಿಮಾನ ನಿಲ್ದಾಣದಲ್ಲಿ ಅಮ್ಮನ ಕಣ್ಣೀರು, ಚಟ್ನಿಪುಡಿಯ ತೂಕದ ಬಗ್ಗೆ ಕೌಂಟರಿನಲ್ಲಿ ಜಗಳ, ಇಷ್ಟೇ ಎಂದುಕೊಂಡಿದ್ದ ನನ್ನ ಮುಂದೆ ಮೂರು ಖಂಡ ದಾಟಿದ ಒಂದು ಹಾಗಲಬಳ್ಳಿ ನಿಂತಿತ್ತು. ಇವರ ಮುತ್ತಜ್ಜಿಗೆ ಸರಳ ಜೀವನವನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಬಂದಿರಲಿಕ್ಕಿಲ್ಲ. ಹೀಗೆ ಯೋಚಿಸುತ್ತ ನಿಂತಿದ್ದಾಗ ಅವರು ಎರಡು ಕಾಯಿ ಕೊಯ್ದು ತಂಗಿಯ ಚೀಲಕ್ಕೆ ಹಾಕಿ, ಮಾಗಿದ ಕಾಯಿಯ ಬೀಜಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. "ಭೈಯಾ, ಇದಕ್ಕೆ ಗಾಜಿನ ಮನೆ ಬೇಕು, ಹೊರಗೆ ಹಾಕಿದರೆ ಅಳುತ್ತೆ" ಎಂದರು.

ಕೊನೆಗೂ ತಂಗಿಯ ಎರಡು ಗುಂಟೆ. ಗೇಟಿಗೆ ಹೆಸರಿಲ್ಲ. ಹೆಜ್ಜೆ ಹಾಕಿ ಅಳೆದೆ: ಉದ್ದ ಇಪ್ಪತ್ತಾರು, ಅಗಲ ಹದಿಮೂರು. ಒಂದು ಮೂಲೆಯಲ್ಲಿ ಗುದ್ದಲಿ, ಸಲಿಕೆ ಇಡುವ ಪೆಟ್ಟಿಗೆ, ಇನ್ನೊಂದರಲ್ಲಿ ಮೂರು ಖಾನೆಯ ಗೊಬ್ಬರದ ಗೂಡು. ನಡುವೆ ಎಂಟು ಮಡಿ. ಮಣ್ಣು ಬೂದುಬಣ್ಣದ ಜೇಡಿ. ಹಸಿಯಿದ್ದಾಗ ಸಲಿಕೆಗೆ ಅಂಟುತ್ತದೆ, ಒಣಗಿದರೆ ಹೆಂಟೆ ಕಲ್ಲಾಗುತ್ತದೆ. ಅವಳು ಒಂದು ಕಡೆ ಎರಡು ಅಡಿ ಅಗೆದು ತೋರಿಸಿದಳು. ನೋಡನೋಡುತ್ತ ಗುಂಡಿಯ ತಳದಲ್ಲಿ ನೀರು ಒಸರಿತು. ನಮ್ಮೂರಿನಲ್ಲಿ ಸಾವಿರ ಅಡಿ ಕೊರೆಸಿ ಬರಿ ಧೂಳು ಕಂಡವನು ನಾನು. ಸ್ವಲ್ಪ ಹೊತ್ತು ಆ ಗುಂಡಿಯನ್ನೇ ನೋಡಿದೆ.

ಬೀನ್ಸು, ಬೀಟ್‌ರೂಟ್, ಎಷ್ಟು ಕಿತ್ತರೂ ಮುಗಿಯದ ಜುಕಿನಿ. ಮೆಂತ್ಯ ಚೆನ್ನಾಗಿ ಬರುತ್ತದೆ, ಮೂಲಂಗಿಯೂ. ಕೊತ್ತಂಬರಿ ಮೇ ಕಳೆದರೆ ಸೊಪ್ಪು ಬಿಡುವ ಮೊದಲೇ ಹೂವಿಗೆ ಏರುತ್ತದೆ. ನಮ್ಮಲ್ಲಿ ರೋಹಿಣಿ, ಮೃಗಶಿರ ಎಂದು ಮಳೆ ನೋಡಿ ಬಿತ್ತುವಂತೆ ಅಲ್ಲಿಯವರಿಗೂ ಒಂದು ಲೆಕ್ಕವಿದೆ: ಮೇ 11ರಿಂದ 14ರವರೆಗಿನ ದಿನಗಳನ್ನು 'ಹಿಮದ ಸಂತರು' ಎನ್ನುತ್ತಾರೆ, ಆ ನಾಲ್ವರು ಸಂತರ ದಿನ ಕಳೆಯುವವರೆಗೆ ಟೊಮ್ಯಾಟೊ, ಬೀನ್ಸ್ ಸಸಿಗಳನ್ನು ಹೊರಗೆ ನೆಡುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಸಂಬಳ ಪಡೆಯುವ ನನ್ನ ತಂಗಿಯೂ ಸಂತರನ್ನು ಕಾಯುತ್ತಾಳೆ. ಮೊದಲ ವರ್ಷ ಕಾಯದೆ ಮೂವತ್ತು ಸಸಿ ಕಳೆದುಕೊಂಡಳಂತೆ.

ಮಡಿಗಳ ನಡುವೆ ಅಲ್ಲಲ್ಲಿ ನೆಲಕ್ಕೆ ಹೂತ ಮೊಸರಿನ ಡಬ್ಬಿಗಳು, ಒಳಗೆ ಕಂದು ನೀರು, ನೀರಿನಲ್ಲಿ ಬೆರಳುದ್ದದ ಏನೋ. ಬಗ್ಗಿ ನೋಡಿದರೆ ಚಿಪ್ಪಿಲ್ಲದ ಬಸವನಹುಳು. ಡಬ್ಬಿಯಲ್ಲಿದ್ದದ್ದು ಬಿಯರ್. ವಾಸನೆಗೆ ಬಂದು ಬಿದ್ದು ಸಾಯುತ್ತವೆ. ಮನೆಯಲ್ಲಿ ಯಾರೂ ಕುಡಿಯದ ನಮ್ಮ ವಂಶದಲ್ಲಿ ಪ್ರತಿ ವಾರ ಬಿಯರ್ ಕೊಳ್ಳುವವಳು ಇವಳೊಬ್ಬಳೇ. ಈ ವಿಷಯ ಅಮ್ಮನಿಗೆ ಗೊತ್ತಿಲ್ಲ.

ಹಿಂದಿನ ಬೇಲಿಗೆ ಒಂದು ಚಪ್ಪರ. ಅದರ ಮೇಲೆ ಹಬ್ಬಿದ ಬಳ್ಳಿಯನ್ನು ನೋಡಿದ ಕೂಡಲೇ ಗುರುತು ಹಿಡಿದೆ, ಎಲೆಯನ್ನು ಉಜ್ಜಿ ಮೂಸಿಯೂ ನೋಡಿದೆ. ಅವರೆ. ಅಡುಗೆಗೆಂದು ಅಂಗಡಿಯಿಂದ ತಂದ ಒಣ ಅವರೆಕಾಳು ನೆನೆಸಿ ಮೊಳಕೆ ಬರಿಸಿ ಮೇ ಕೊನೆಯಲ್ಲಿ ನೆಟ್ಟಿದ್ದಳು. ಚಪ್ಪರ ಮುಚ್ಚಿಹೋಗುವಷ್ಟು ಎಲೆ, ಒಂದು ಹೂವಿಲ್ಲ. ಗೊಬ್ಬರ ಹೆಚ್ಚಾಗಿದೆ ಎಂದೆ. ಅಲ್ಲ ಎಂದಳು. ನಾಟಿ ಅವರೆ ಹಗಲು ಮೋಟಾಗುವುದನ್ನು ಕಾಯುತ್ತದೆ. ರಾತ್ರಿ ಉದ್ದವಾದರೆ ಮಾತ್ರ ಅದಕ್ಕೆ ಹೂ ಬಿಡುವ ಮನಸ್ಸು. ಅದಕ್ಕೇ ನಮ್ಮಲ್ಲಿ ಅವರೆಗೆ ಚಳಿಗಾಲದ ಸೊಗಡು. ಬೆಂಗಳೂರಿನ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಅಲ್ಲಿ ಜೂನ್ ತಿಂಗಳಲ್ಲಿ ಹಗಲು ಹದಿನಾರೂಮುಕ್ಕಾಲು ಗಂಟೆ. ಬಳ್ಳಿ ಬೆಳೆದೇ ಬೆಳೆಯುತ್ತದೆ. ಹಗಲು ಹನ್ನೆರಡು ಗಂಟೆಗೆ ಇಳಿಯುವ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಚಳಿ ಬಂದುಬಿಡುತ್ತದೆ.

"ಹೆಬ್ಬಾಳದ ತಳಿ ಹಾಕಬೇಕಿತ್ತು, ಅದು ವರ್ಷವಿಡೀ ಬಿಡುತ್ತೆ" ಎಂದೆ.

"ಅದರಲ್ಲಿ ಸೊಗಡೆಲ್ಲಿದೆ?" ಎಂದಳು.

ಹತ್ತಕ್ಕೆ ಗಂಟೆ ಬಾರಿಸಿತು. ಅತಿಥಿ ಎಂದು ಯಾರೂ ಬಿಡಲಿಲ್ಲ. ಗೇಟಿನ ಬಳಿ ನಗರಸಭೆಯವರು ಬೀದಿಮರ ಸವರಿ ಪುಡಿ ಮಾಡಿದ ಮರದ ಚೂರಿನ ರಾಶಿ. ಅದನ್ನು ಒಂಟಿಗಾಲಿ ತಳ್ಳುಗಾಡಿಯಲ್ಲಿ ತುಂಬಿ ನಡುದಾರಿಗೆ ಹಾಸುವುದು ಆ ದಿನದ ಕೆಲಸ. ನನ್ನ ಜತೆ ಸಿಗಾರಿನ ಮುದುಕರು, ಹಾಗಲದ ಅಮ್ಮ, ನಿವೃತ್ತ ನ್ಯಾಯಾಧೀಶರಂತೆ ಕಾಣುತ್ತಿದ್ದ ಒಬ್ಬರು (ಆಮೇಲೆ ಗೊತ್ತಾಯಿತು, ಟ್ರಕ್ ಓಡಿಸುತ್ತಿದ್ದವರು), ಮಾತಾಡದ ಇಬ್ಬರು ಹುಡುಗರು. ಹದಿನಾಲ್ಕು ಗಾಡಿ ತಳ್ಳಿದೆ. ಹದಿನೈದನೆಯದಕ್ಕೆ ಮಳೆ ಬಂತು, ಯಾರೂ ನಿಲ್ಲಿಸಲಿಲ್ಲ, ಹತ್ತು ನಿಮಿಷಕ್ಕೆ ಅದೇ ನಿಂತಿತು.

ಆಮೇಲೆ ಸಂಘದ ಕೋಣೆಯಲ್ಲಿ ಕಾಫಿ, ತಂಗಿ ಕಟ್ಟಿತಂದ ಮೆಂತ್ಯದ ಚಪಾತಿ. ಅಲ್ಲಿ ಕೂತು ಕೇಳಿದೆ, ಅಮ್ಮ ಸರಿಯೋ ಚಿಕ್ಕಪ್ಪ ಸರಿಯೋ ಎಂದು.

"ಸರಳ ಅಂತೆಲ್ಲ ಬರೀಬೇಡ ಅಣ್ಣ. ಸಂಬಳದಲ್ಲಿ ಮೂರರಲ್ಲೊಂದು ಪಾಲು ಮನೆ ಬಾಡಿಗೆಗೇ ಹೋಗುತ್ತೆ. ಜನವರೀಲಿ ಎದುರುಗಾಳಿ, ಮಳೆ, ಕತ್ತಲೆಯಲ್ಲಿ ಒಂಬತ್ತು ಕಿಲೋಮೀಟರ್ ತುಳಿದು ಆಫೀಸಿಗೆ ಹೋಗೋವಾಗ ಅಳು ಬರುತ್ತೆ. ಬೇಕಾದಾಗ ಗಂಟೆ ಲೆಕ್ಕದಲ್ಲಿ ಕಾರು ಬಾಡಿಗೆಗೆ ತಗೋತೀನಿ. ವರ್ಷಕ್ಕೊಂದು ಸಲ ನಿಮ್ಮನ್ನ ನೋಡೋಕೆ ವಿಮಾನ ಹತ್ತಿದ್ರೆ, ಸೈಕಲ್ ತುಳಿದು ಉಳಿಸಿದ ಪುಣ್ಯ ಎಲ್ಲಾ ಅಲ್ಲೇ ಮುಗೀತು. ಬೆಂಗಳೂರಲ್ಲಿದ್ದಾಗ ನಾನೂ ಇವಳೇ ತಾನೆ? ಅಲ್ಲಿ ಸ್ಕೂಟರ್ ಇಲ್ದೆ ಹಾಲು ತರೋಕೂ ಹೋಗ್ತಿರಲಿಲ್ಲ."

ಆ ಕೊನೆಯ ಮಾತು ನನಗೆ ಸಾಕಾಯಿತು. ನಮ್ಮಲ್ಲಿ ಸರಳತೆಯನ್ನು ವ್ಯಕ್ತಿಯ ಗುಣವೆಂದು ಹೊಗಳುತ್ತೇವೆ, ಹೊಗಳಿ ಅವನನ್ನು ಟ್ರಾಫಿಕ್ಕಿನ ನಡುವೆ ಸೈಕಲ್ ಸಮೇತ ಬಿಟ್ಟುಬಿಡುತ್ತೇವೆ. ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಸೈಕಲ್ ಬಂದಾಗ ನಾನೂ ಉತ್ಸಾಹದಿಂದ ಕಾರ್ಡು ಮಾಡಿಸಿದವನೇ. ಸೈಕಲ್ ಚೆನ್ನಾಗಿತ್ತು, ಬಸ್ಸಿನ ಹಾರ್ನಿಗೆ ಹೆದರಿ ಮೂರನೆಯ ದಿನ ಬಿಟ್ಟೆ. ಬೆಂಗಳೂರಿನಲ್ಲಿ ಬಣ್ಣ ಬಳಿದ ಸೈಕಲ್ ಪಥದ ಮೇಲೆ ಬೈಕುಗಳು ನಿಂತಿರುವುದನ್ನು ನೀವೂ ನೋಡಿರುತ್ತೀರಿ. ತಂಗಿಯ ಎರಡು ಗುಂಟೆಯ ಹಿಂದೆ ಅವಳ ಗುಣಕ್ಕಿಂತ ಹೆಚ್ಚಾಗಿ ಒಂದು ಪಂ‍ಪು, ಒಂದು ಏರಿ, ಮೂರು ಹಾಳೆ ನಿಯಮ ಮತ್ತು ಕೆಂಪು ಡಾಂಬರು ಇವೆ. ಅದೂ ಶಾಶ್ವತವಲ್ಲ. ಮನೆಗಳ ಅಭಾವವಿರುವ ಆ ದೇಶದಲ್ಲಿ ಊರಂಚಿನ ಇಂಥ ತೋಟಗಳ ಮೇಲೆ ಕಟ್ಟಡ ಕಟ್ಟುವವರ ಕಣ್ಣಿದೆ.

ಹೊರಡುವಾಗ ಗೇಟಿನ ಪಕ್ಕದ ಮೇಜಿನ ಮೇಲೆ ತಂಗಿ ಆರು ಜುಕಿನಿ ಇಟ್ಟಳು. ಹೆಚ್ಚಾದದ್ದನ್ನು ಅಲ್ಲಿ ಇಡುವುದು, ಬೇಕಾದವರು ಒಯ್ಯುವುದು. ಆಗಲೇ ಅಲ್ಲಿ ಹದಿನೈದಿಪ್ಪತ್ತು ಜುಕಿನಿ ಇದ್ದವು. ಎಲ್ಲರ ತೋಟದಲ್ಲೂ ಅದೇ ಹೆಚ್ಚು. ನಮ್ಮ ಬೀದಿಯಲ್ಲಿ ನುಗ್ಗೆಕಾಯಿಯ ಕಾಲದಲ್ಲಿ ನಡೆಯುವುದೂ ಇದೇ, ಕೊಡುವವರಿಗೆ ಬರವಿಲ್ಲ, ತಗೊಳ್ಳುವವರು ಬಾಗಿಲು ತೆಗೆಯುವುದಿಲ್ಲ. ಒಂದು ಬುಟ್ಟಿ ಪ್ಲಮ್ ಇತ್ತು, ಕಣಜ ಮುತ್ತಿದ್ದವು. ನಾಲ್ಕು ಆರಿಸಿಕೊಂಡೆವು. ಏರಿ ಹತ್ತಿದೆವು. ವಾಪಸ್ ಬರುವಾಗಲೂ ಎದುರುಗಾಳಿಯೇ, ಅದು ಹೇಗೆಂದು ತಂಗಿಗೂ ತಿಳಿಯದು. ಈ ಸಲ ಒಮ್ಮೆ ಮಾತ್ರ ಹಿಂದಕ್ಕೆ ತುಳಿದೆ.

ನವೆಂಬರ್ ಮೊದಲ ವಾರ ಅವಳ ಫೋನು ಬಂತು. ಅವರೆಬಳ್ಳಿ ಅಕ್ಟೋಬರಿನಲ್ಲಿ ಹೂ ಬಿಟ್ಟಿತ್ತಂತೆ, ಕಾಯಿ ಕಚ್ಚುವ ಮೊದಲೇ ಹಿಮ ಬಿದ್ದು ಒಂದೇ ರಾತ್ರಿಗೆ ಕಪ್ಪಾಯಿತಂತೆ. ಕಿತ್ತು ಗೊಬ್ಬರದ ಗೂಡಿಗೆ ಹಾಕಿದಳು. ಯಾರೋ ಬೀದಿಗಿಟ್ಟಿದ್ದ ಹಳೆಯ ಕಿಟಕಿಗಳನ್ನು ಸೈಕಲ್ಲಿನಲ್ಲಿ ಹೇರಿ ತಂದಿದ್ದಾಳೆ, ನಾಲ್ಕು ಸಾಗಣೆಯಲ್ಲಿ. ಮುಂದಿನ ವರ್ಷ ಆ ಜಾಗದಲ್ಲಿ ಹಾಗಲ.